ಮನೆ-ಹಿತ್ತಲು: ಒಂದೇ ಬಲ್ಬಿನ ಅಡಿಯಲ್ಲಿ ಎರಡು ಪ್ರಾಯದ ಮರಿಗಳು



ಕಳೆದ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಲು ಇಳಿಯುತ್ತಿದ್ದಾಗ ನಮ್ಮ ವಾರ್ಡಿನ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಮಾಸ್ಟ್ರೇ, ನಿಮ್ಮ ಅಂಕಣಕ್ಕೆ ಒಂದು ಪ್ರಶ್ನೆ ಉಂಟು. ಆದರೆ ಉತ್ತರ ಮುಂದಿನ ಸಂಚಿಕೆಯಲ್ಲಿ ಬಂದರೆ ಪ್ರಯೋಜನ ಇಲ್ಲ. ಈಗಲೇ ಬೇಕು" ಎಂದರು.

ವಿಷಯ ಇಷ್ಟು. ಹದಿನೆಂಟು ದಿನಗಳ ಹಿಂದೆ ಅವರು ಇಪ್ಪತ್ತು ಗಿರಿರಾಜ ಮರಿಗಳನ್ನು ತಂದಿದ್ದರು. ತರುವಾಗ ಅವು ಒಂದು ದಿನದ ಮರಿಗಳು. ಹಿಂದಿನ ಜಗಲಿಯಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಇಟ್ಟು, ಮೇಲಿನಿಂದ ಬಲ್ಬು ಇಳಿಬಿಟ್ಟು ಸಾಕುತ್ತಿದ್ದರು. ಬ್ರೂಡರ್ ಎಂದು ನಾವು ಹೇಳುವ ಶಾಖದ ಪೆಟ್ಟಿಗೆ ಇದೇ. ಅತ್ತ ಅವರ ಊರಕೋಳಿ ಹೇಂಟೆಯೊಂದು ಕೊಟ್ಟಿಗೆಯ ಮೂಲೆಯಲ್ಲಿ ಕಾವು ಕೂತು ಶುಕ್ರವಾರ ಆರು ಮರಿ ಮಾಡಿತ್ತು. ಶನಿವಾರ ಸಂಜೆ ಬೀದಿನಾಯಿ ಆ ಹೇಂಟೆಯನ್ನು ಕಚ್ಚಿ ಒಯ್ದಿತು. ಆರು ಮರಿಗಳನ್ನು ರಾತ್ರಿಯಿಡೀ ಬುಟ್ಟಿಯಲ್ಲಿ ಹಳೆಯ ಬಟ್ಟೆಯ ನಡುವೆ ಇಟ್ಟಿದ್ದಾರೆ.

"ಹೇಗೂ ಬಲ್ಬು ಉರಿಯುತ್ತಾ ಉಂಟು. ಇವನ್ನೂ ಅದೇ ಪೆಟ್ಟಿಗೆಗೆ ಬಿಟ್ಟರೆ ಆಗ್ತದಲ್ಲಾ? ಮಕ್ಕಳು ಬಿಡುವ ಅಂತಾರೆ. ನಮ್ಮ ಅತ್ತೆ ಮಾತ್ರ ಬೇಡವೇ ಬೇಡ ಅಂತಾರೆ."

"ನಿಮ್ಮ ಅತ್ತೆ ಹೇಳಿದ್ದೇ ಸರಿ" ಎಂದೆವು. ಯಾಕೆ ಸರಿ ಎಂದು ಮೆಟ್ಟಲಲ್ಲಿ ನಿಂತು ಹೇಳಿ ಮುಗಿಯುವಂತಿರಲಿಲ್ಲ. ಅದನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇವೆ. ಕೋಳಿ ಸಾಕಣೆಯ ಬಗ್ಗೆ ನಮ್ಮ ಕಡೆ ಸಿಗುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಇರುತ್ತವೆ, ಔಷಧದ ಚೀಟಿ ಇಂಗ್ಲಿಷಿನಲ್ಲಿ. ಕಾಸರಗೋಡಿನ ಕನ್ನಡ ಮನೆಗಳ ಹಿರಿಯರಿಗೆ ಎರಡೂ ಕಷ್ಟ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ನಾವು ಮಾಡಿದ ತಪ್ಪು

ಅತ್ತೆಯವರ ಮಾತನ್ನು ಅಷ್ಟು ಬೇಗ ಒಪ್ಪಲು ನಮಗೆ ಒಂದು ಕಾರಣವಿತ್ತು. ಇದೇ ತಪ್ಪನ್ನು ನಾವು ಒಮ್ಮೆ ಮಾಡಿದ್ದೇವೆ.

ನಮ್ಮ ಮಗಳು ಮೊದಲ ಪರಮಪ್ರಸಾದ ಸ್ವೀಕರಿಸಿದ ವರ್ಷ ಅದು. ಜೂನ್ ತಿಂಗಳು, ಮಳೆ ಹಿಡಿದಿತ್ತು. ಪೆಟ್ಟಿಗೆಯಲ್ಲಿ ಮೂರು ವಾರದ ಹದಿನೈದು ಮರಿಗಳಿದ್ದವು. ಅಷ್ಟರಲ್ಲಿ ಪರಿಚಯದವರೊಬ್ಬರು ಎಂಟು ಹೊಸ ಮರಿಗಳನ್ನು ಕೊಟ್ಟರು, ಹುಟ್ಟಿ ಎರಡು ದಿನವೂ ಆಗಿರಲಿಲ್ಲ. ಮಗಳು ಆ ಎಂಟಕ್ಕೂ ಹೆಸರಿಟ್ಟಳು. ಒಂದನ್ನು ಬೆಳೆಸಿ ಇಗರ್ಜಿಯ ಹಬ್ಬದ ದಿನ ಏಲಂಗೆ ಕೊಡುವುದಾಗಿ ಹರಕೆ ಹೇಳಿಕೊಂಡಳು. ನಾವೂ ಹೆಚ್ಚು ಯೋಚಿಸಲಿಲ್ಲ. ಎಲ್ಲವೂ ಮರಿಗಳೇ ಅಲ್ಲವೇ, ಒಟ್ಟಿಗೆ ಬೆಳೆಯಲಿ ಎಂದು ಅದೇ ಪೆಟ್ಟಿಗೆಗೆ ಬಿಟ್ಟೆವು.

ಆ ರಾತ್ರಿ ಎರಡು ಗಂಟೆ ಕರೆಂಟು ಇರಲಿಲ್ಲ. ಬೆಳಿಗ್ಗೆ ನೋಡಿದರೆ ದೊಡ್ಡ ಮರಿಗಳು ಬಲ್ಬಿನ ನೇರ ಕೆಳಗೆ ಗುಂಪಾಗಿ ಮಲಗಿದ್ದವು. ಅವುಗಳ ಅಡಿಯಲ್ಲಿ ಮೂರು ಚಿಕ್ಕ ಮರಿಗಳು ಚಪ್ಪಟೆಯಾಗಿ ಸತ್ತಿದ್ದವು. ಮಾರನೆಯ ದಿನ ಇನ್ನೊಂದರ ಹಿಂಭಾಗವನ್ನು ಕುಕ್ಕಿ ಕುಕ್ಕಿ ರಕ್ತ ಬರಿಸಿದ್ದವು. ಅದೂ ಉಳಿಯಲಿಲ್ಲ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಉಳಿದ ನಾಲ್ಕರಲ್ಲಿ ಮೂರಕ್ಕೆ ರಕ್ತಭೇದಿ ಬಂತು. ದೊಡ್ಡವುಗಳಿಗೆ ಏನೂ ಆಗಲಿಲ್ಲ. ಎಂಟರಲ್ಲಿ ಒಂದೇ ಒಂದು ಉಳಿಯಿತು.

ಮಗಳು ಅಳುತ್ತಾ ಕೇಳಿದ್ದು ನಮಗೆ ಇಂದಿಗೂ ನೆನಪಿದೆ. "ಇದು ದೊಡ್ಡ ಮರಿಗಳ ತಪ್ಪಾ, ನಮ್ಮ ತಪ್ಪಾ?" ನಾವು ಸುಳ್ಳು ಹೇಳಲಿಲ್ಲ. ನಮ್ಮ ತಪ್ಪು ಎಂದೆವು. ಹಾಗೆ ಹೇಳಿದ ಮೇಲೆ, ತಪ್ಪು ಎಲ್ಲಿ ಆಯಿತು ಎಂದು ತಿಳಿದುಕೊಳ್ಳುವುದು ನಮ್ಮ ಕರ್ತವ್ಯವಾಯಿತು. ಪಶುವೈದ್ಯರಲ್ಲಿ ಕೇಳಿದೆವು, ಪುಸ್ತಕ ಓದಿದೆವು, ಮುಂದಿನ ವರ್ಷಗಳಲ್ಲಿ ಮಾಡಿಯೂ ನೋಡಿದೆವು. ತಿಳಿದದ್ದು ಇಷ್ಟು.

ದೊಡ್ಡದಕ್ಕೆ ಸೆಕೆ, ಚಿಕ್ಕದಕ್ಕೆ ಚಳಿ

ಆಗ ತಾನೇ ಹುಟ್ಟಿದ ಮರಿಯ ಮೈಮೇಲೆ ಇರುವುದು ಬರೀ ತುಪ್ಪುಳು. ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಎರಡನೇ ವಾರ 32, ಮೂರನೇ ವಾರ 29, ನಾಲ್ಕನೇ ವಾರ 26. ಅಷ್ಟರಲ್ಲಿ ರೆಕ್ಕೆಪುಕ್ಕ ಮೂಡಿ, ನಮ್ಮ ಕರಾವಳಿಯ ಹವೆಯಲ್ಲಿ ಹಗಲಿಗೆ ಬಲ್ಬೇ ಬೇಡವಾಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ಒಂದು ದಿನದ ಮರಿಗೆ 35 ಡಿಗ್ರಿ, ಮೂರು ವಾರದ ಮರಿಗೆ 29 ಡಿಗ್ರಿ. ಚಿಕ್ಕದಕ್ಕೆ ಹಿತವಾಗುವಷ್ಟು ಬಿಸಿ ಮಾಡಿದರೆ ದೊಡ್ಡದು ಬಾಯಿ ಕಳೆದು ಏದುಸಿರು ಬಿಡುತ್ತದೆ. ಕೋಳಿಗೆ ಬೆವರು ಇಲ್ಲ, ಬಾಯಿಯಿಂದಲೇ ಸೆಕೆ ಹೊರಹಾಕಬೇಕು. ದೊಡ್ಡದಕ್ಕೆ ಹಿತವಾಗುವಂತೆ ಬಲ್ಬು ಮೇಲೆತ್ತಿದರೆ ಚಿಕ್ಕದು ಚಳಿಯಿಂದ ಮುದುಡಿ, ಆಹಾರ ಬಿಟ್ಟು, ಎರಡೇ ದಿನದಲ್ಲಿ ಸೋತುಹೋಗುತ್ತದೆ.

ಪೆಟ್ಟಿಗೆಯ ಬಿಸಿ ಸರಿಯಿದೆಯೇ ಎಂದು ತಿಳಿಯಲು ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಜೋರಾಗಿ ಕೂಗುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಓಡಿ ಗೋಡೆಗೆ ಒತ್ತಿ ನಿಂತಿದ್ದರೆ ಸೆಕೆ. ಒಂದೇ ಬದಿಗೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಎಲ್ಲ ಕಡೆ ಹರಡಿಕೊಂಡು ಮೆಲ್ಲಗೆ ಚಿಲಿಪಿಲಿ ಮಾಡುತ್ತಿದ್ದರೆ ಸರಿ ಇದೆ. ಎರಡು ಪ್ರಾಯದ ಮರಿಗಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಈ ಲಕ್ಷಣಗಳೂ ಗೊಂದಲವಾಗುತ್ತವೆ. ದೊಡ್ಡವು ಹಾಯಾಗಿ ಹರಡಿಕೊಂಡಿರುವುದನ್ನು ನೋಡಿ ಎಲ್ಲ ಸರಿಯಿದೆ ಎಂದು ನಾವು ಮಲಗಲು ಹೋಗುತ್ತೇವೆ. ಮೂಲೆಯಲ್ಲಿ ಮುದುಡಿದ ಚಿಕ್ಕದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಇದೇ.

ಭಾರವೂ ಕೊಕ್ಕೂ

ಹುಟ್ಟಿದ ದಿನ ಮರಿಯ ತೂಕ 35ರಿಂದ 40 ಗ್ರಾಂ. ಮೂರು ವಾರಕ್ಕೆ ಅದು ನಾಲ್ಕೈದು ಪಟ್ಟು ಆಗುತ್ತದೆ. ಚಳಿಗೆ ಗುಂಪುಗೂಡಿದಾಗ ಆ ಭಾರ ಬೀಳುವುದು ಚಿಕ್ಕವುಗಳ ಮೇಲೆ. ದೊಡ್ಡ ಮರಿಗೆ ತುಳಿಯಬೇಕೆಂಬ ಉದ್ದೇಶವಿಲ್ಲ. ಅದೂ ಬಿಸಿ ಹುಡುಕುತ್ತಿದೆ ಅಷ್ಟೆ.

ಕೊಕ್ಕಿನ ವಿಷಯ ಬೇರೆ. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಕ್ರಮ ಇರುತ್ತದೆ. ಚಿಕ್ಕಂದಿನಿಂದಲೇ ಕೋಳಿಗಳನ್ನು ಗಮನಿಸುತ್ತಾ ಬೆಳೆದ ನಾರ್ವೆ ದೇಶದ ಶೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದರು. ಒಂದೇ ಪ್ರಾಯದ ಮರಿಗಳು ಒಟ್ಟಿಗೆ ಬೆಳೆಯುತ್ತಾ ಆಟದ ಜಗಳದಲ್ಲೇ ಈ ಕ್ರಮವನ್ನು ಕಲಿತುಬಿಡುತ್ತವೆ. ಹೊಸದಾಗಿ ಬಂದ ಚಿಕ್ಕ ಮರಿಗೆ ಮಾತ್ರ ಎದುರು ನಿಲ್ಲುವ ಬಲವೂ ಇಲ್ಲ, ಓಡಿ ತಪ್ಪಿಸಿಕೊಳ್ಳಲು ಪೆಟ್ಟಿಗೆಯಲ್ಲಿ ಜಾಗವೂ ಇಲ್ಲ. ಒಮ್ಮೆ ರಕ್ತ ಕಂಡರೆ ಮುಗಿಯಿತು, ಉಳಿದವೂ ಅಲ್ಲಿಗೇ ಕುಕ್ಕುತ್ತವೆ. ಆಹಾರದ ತಟ್ಟೆಯಲ್ಲೂ ಹೀಗೇ. ದೊಡ್ಡವು ಮುತ್ತಿಕೊಂಡರೆ ಚಿಕ್ಕವು ದೂರ ನಿಂತು ನೋಡಬೇಕಾಗುತ್ತದೆ.

ಕಣ್ಣಿಗೆ ಕಾಣದ ಶತ್ರು

ಹೆಚ್ಚಿನವರಿಗೆ ತಿಳಿಯದಿರುವುದು ರೋಗದ ವಿಷಯ. ನಾವು ರಕ್ತಭೇದಿ ಎನ್ನುವ ಕಾಕ್ಸಿಡಿಯೋಸಿಸ್ ರೋಗದ ಸೂಕ್ಷ್ಮಜೀವಿ ಹಿಕ್ಕೆಯ ಮೂಲಕ ಹರಡುತ್ತದೆ. ಹಿಕ್ಕೆಯಲ್ಲಿ ಹೊರಬಂದದ್ದು ಬಿಸಿ ಮತ್ತು ತೇವ ಸಿಕ್ಕಿದರೆ ಒಂದೆರಡು ದಿನದಲ್ಲಿ ರೋಗ ತರುವಷ್ಟು ಬಲಿಯುತ್ತದೆ. ಮಳೆಗಾಲದ ಒದ್ದೆ ಉಮಿಯೂ ಬಲ್ಬಿನ ಬಿಸಿಯೂ ಸೇರಿದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎರಡು ಮೂರು ವಾರ ಅದೇ ಉಮಿಯಲ್ಲಿ ಬೆಳೆದ ಮರಿಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ತಡೆಯುವ ಶಕ್ತಿ ಪಡೆದಿರುತ್ತವೆ. ಹೊರಗೆ ಆರೋಗ್ಯವಾಗಿ ಕಂಡರೂ ಹಿಕ್ಕೆಯಲ್ಲಿ ರೋಗಾಣು ಹೋಗುತ್ತಿರುತ್ತದೆ. ಏನೂ ಕಾಣದ ಎಳೆಮರಿಯನ್ನು ಆ ಉಮಿಗೆ ಇಳಿಸಿದರೆ ಅದಕ್ಕೆ ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ಸೋಂಕು ತಗಲುತ್ತದೆ. ನಮ್ಮ ದೊಡ್ಡ ಮರಿಗಳಿಗೆ ಏನೂ ಆಗದೆ ಚಿಕ್ಕವು ಮಾತ್ರ ಸತ್ತದ್ದು ಇದೇ ಕಾರಣಕ್ಕೆ.

ರಕ್ತಭೇದಿ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ. ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಮುಂತಾದ ಔಷಧಗಳಿವೆ. ಪ್ರಮಾಣವನ್ನು ವೈದ್ಯರೇ ಹೇಳಲಿ. ಔಷಧದ ಜೊತೆಗೆ ಒದ್ದೆ ಉಮಿಯನ್ನು ಪೂರ್ತಿ ತೆಗೆದು ಒಣ ಉಮಿ ಹಾಕದಿದ್ದರೆ ರೋಗ ತಿರುಗಿ ಬರುತ್ತದೆ.

ಮಾರೆಕ್ಸ್ ಎಂಬ ಇನ್ನೊಂದು ರೋಗವಿದೆ. ಕಾಲು ರೆಕ್ಕೆ ಸೋತುಹೋಗುವ ಈ ರೋಗದ ವೈರಸ್ ಪುಕ್ಕದ ಹುಡಿಯ ಮೂಲಕ ಗಾಳಿಯಲ್ಲಿ ಹರಡುತ್ತದೆ. ಇದರ ಲಸಿಕೆಯನ್ನು ಹ್ಯಾಚರಿಗಳಲ್ಲಿ ಮರಿ ಹುಟ್ಟಿದ ದಿನವೇ ಕೊಡುತ್ತಾರೆ. ಮನೆಯ ಹೇಂಟೆ ಮಾಡಿದ ಮರಿಗೆ ಆ ರಕ್ಷಣೆ ಇರುವುದಿಲ್ಲ. ಲಸಿಕೆ ಪಡೆದ ಮರಿಯೂ ತಾನು ರೋಗ ಬೀಳದೆ ವೈರಸ್ಸನ್ನು ಹೊತ್ತು ಹರಡಬಲ್ಲದು.

ಲಸಿಕೆಯ ಲೆಕ್ಕ

ಕೊಕ್ಕರೆ ರೋಗ ಎಂದು ಹಲವರು ಕರೆಯುವ ರಾಣಿಖೇತ್ ರೋಗದ ಲಸಿಕೆ ಎಲ್ಲರಿಗೂ ಗೊತ್ತು. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ ಆ ಹೆಸರು. ಎಳೆಮರಿಗೆ ಐದರಿಂದ ಏಳನೇ ದಿನದೊಳಗೆ ಕಣ್ಣು ಅಥವಾ ಮೂಗಿಗೆ ಒಂದು ಹನಿ ಲಸಿಕೆ. ಸುಮಾರು ಎಂಟು ವಾರ ತುಂಬಿದ ಮೇಲೆ ಆರ್‌ಟುಬಿ ಎಂಬ ಚುಚ್ಚುಮದ್ದು. ಈ ಎರಡನೆಯದು ಖಾರವಾದ ಲಸಿಕೆ, ಎಳೆಮರಿಗಳಿಗೆ ಕೊಡಬಾರದು. ಎರಡು ಪ್ರಾಯದ ಮರಿಗಳು ಒಂದೇ ಗುಂಪಾದರೆ ಯಾವುದಕ್ಕೆ ಯಾವುದು ಆಗಿದೆ ಎಂಬ ಲೆಕ್ಕ ತಪ್ಪುತ್ತದೆ. ಬೇರೆ ಬೇರೆ ಇಟ್ಟರೂ ಕಾಲಿಗೆ ಬಣ್ಣದ ದಾರ ಕಟ್ಟಿ, ಕ್ಯಾಲೆಂಡರಿನಲ್ಲಿ ದಿನಾಂಕ ಬರೆದಿಡಿ. ಮರಿ ಬೆಳೆದಂತೆ ದಾರ ಬಿಗಿಯಾಗುತ್ತದೆ, ವಾರಕ್ಕೊಮ್ಮೆ ಸಡಿಲಿಸಲು ಮರೆಯಬೇಡಿ.

ಎಷ್ಟು ದಿನದ ಅಂತರ ಸರಿ?

ಅಂತರ ಮೂರು ನಾಲ್ಕು ದಿನದ್ದಾದರೆ ಹೆಚ್ಚಿನ ತೊಂದರೆ ಇಲ್ಲ. ಬಿಸಿಯನ್ನು ಚಿಕ್ಕವುಗಳ ಲೆಕ್ಕಕ್ಕೆ ಇಟ್ಟು, ದೊಡ್ಡವು ದೂರ ಸರಿಯುವಷ್ಟು ಜಾಗ ಕೊಟ್ಟು, ಒಟ್ಟಿಗೆ ಬಿಡಬಹುದು.

ಅಂತರ ಒಂದು ವಾರದ್ದಾದರೆ ಕಷ್ಟಪಟ್ಟು ಮಾಡಬಹುದು. ಹೊಸ ಉಮಿ, ಎರಡೆರಡು ತಟ್ಟೆ, ಮೊದಲ ಎರಡು ದಿನ ಮನೆಯಲ್ಲಿ ಯಾರಾದರೂ ಗಂಟೆಗೊಮ್ಮೆ ನೋಡುವವರು ಬೇಕು. ಇಷ್ಟು ಆಗುವುದಿಲ್ಲವಾದರೆ ಬೇಡ.

ಅಂತರ ಒಂದು ವಾರಕ್ಕಿಂತ ಹೆಚ್ಚಾದರೆ ನಡುವೆ ತಡಿಕೆ ಬೇಕೇ ಬೇಕು. ಮೂರು ವಾರ ದಾಟಿದ್ದರೆ ಬೇರೆ ಪೆಟ್ಟಿಗೆಯನ್ನೇ ಮಾಡಿ. ಪಂಚಾಯತಿನಿಂದ ಸಿಗುವ ಒಂದೂವರೆ ಎರಡು ತಿಂಗಳ ಮರಿಗಳನ್ನಂತೂ ಎಳೆಮರಿಗಳ ಹತ್ತಿರ ಬಿಡಲೇಬೇಡಿ. ಅವನ್ನು ಮನೆಯ ದೊಡ್ಡ ಕೋಳಿಗಳಿಂದಲೂ ಎರಡು ಮೂರು ವಾರ ದೂರ ಇಟ್ಟು, ರೋಗವಿಲ್ಲ ಎಂದು ನೋಡಿ ಮತ್ತೆ ಸೇರಿಸಿ.

ಎರಡು ಕೋಣೆಯ ಪೆಟ್ಟಿಗೆ

"ಎರಡು ಬಲ್ಬು ಉರಿಸಿದರೆ ಕರೆಂಟು ಬಿಲ್ಲು ಯಾರು ಕಟ್ಟುವುದು?" ಎಂದು ನೀವು ಕೇಳಬಹುದು. ಒಂದೇ ಬಲ್ಬಿನಲ್ಲಿ ಎರಡು ಪ್ರಾಯದ ಮರಿಗಳನ್ನು ಸಾಕುವ ಒಂದು ಉಪಾಯವಿದೆ. ನಾವು ಈಗ ಮಾಡುವುದು ಹೀಗೆ.

ಉದ್ದವಾದ ಪೆಟ್ಟಿಗೆ ಮಾಡಿ. ಗೋಡೆ ಒಂದೂವರೆ ಅಡಿ ಎತ್ತರ ಇರಲಿ. ಮೊದಲ ಮೂರು ವಾರ ಮರಿಯೊಂದಕ್ಕೆ ಅರ್ಧ ಚದರ ಅಡಿ, ಆಮೇಲೆ ಆರು ವಾರದವರೆಗೆ ಒಂದು ಚದರ ಅಡಿ ಜಾಗ ಎಂದು ಲೆಕ್ಕ ಹಾಕಿ. ನಡುವೆ ಅಡ್ಡಕ್ಕೆ ತಡಿಕೆ ಇಡಿ. ತಡಿಕೆಯ ಕೆಳಗಿನ ಅರ್ಧ ಅಡಿ ಹಲಗೆಯೇ ಆಗಿರಲಿ, ಅದರ ಮೇಲೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ಬಲೆ. ಕೆಳಗೆ ಹಲಗೆ ಯಾಕೆಂದರೆ ದೊಡ್ಡವು ಕೆದಕಿದ ಉಮಿಯೂ ಹಿಕ್ಕೆಯೂ ಚಿಕ್ಕವುಗಳ ಕಡೆಗೆ ಹಾರಬಾರದು. ಬಲ್ಬು ಚಿಕ್ಕವುಗಳ ಕೋಣೆಯಲ್ಲಿ ಇರಲಿ. ಬಲೆಯ ಮೂಲಕ ದಾಟಿ ಹೋಗುವ ಬಿಸಿ ಆಚೆಯ ದೊಡ್ಡವುಗಳಿಗೆ ಸಾಕಾಗುತ್ತದೆ.

ಬಲ್ಬು ಹಳೆಯ ಮಾದರಿಯ 60 ವ್ಯಾಟಿನ ತಂತಿ ಬಲ್ಬೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಬಲ್ಬನ್ನು ವಯರಿನಲ್ಲಿ ನೇತಾಡಿಸದೆ ಬೇರೆ ಸರಿಗೆಯಿಂದ ಮೇಲಿನ ಪಕಾಸಿಗೆ ಗಟ್ಟಿಯಾಗಿ ಕಟ್ಟಿ. ಅದು ಉಮಿಯ ಮೇಲೆ ಬಿದ್ದರೆ ಪೆಟ್ಟಿಗೆಯ ಜೊತೆ ಜಗಲಿಗೂ ಬೆಂಕಿ ಹತ್ತಬಹುದು. ಕರೆಂಟು ಹೋದರೆ ಬಾಟಲಿಗಳಿಗೆ ಬಿಸಿನೀರು ತುಂಬಿಸಿ, ಬಟ್ಟೆ ಸುತ್ತಿ ಚಿಕ್ಕವುಗಳ ಮಧ್ಯೆ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬೋಗುಣಿ ಮಾತ್ರ ಬೇಡ. ಅದರ ವಿಷಗಾಳಿ ಮರಿಗಳನ್ನಷ್ಟೇ ಅಲ್ಲ, ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ನೆಲಕ್ಕೆ ಎರಡು ಇಂಚು ಒಣ ಉಮಿ ಅಥವಾ ಮರದ ಹುಡಿ ಹಾಕಿ. ಮೊದಲ ಎರಡು ಮೂರು ದಿನ ಅದರ ಮೇಲೆ ಗೋಣಿ ಹಾಸಿದರೆ ಮರಿ ಉಮಿಯನ್ನು ತಿನ್ನುವುದಿಲ್ಲ. ಬರೀ ಪೇಪರು ಹಾಸಬೇಡಿ, ಎಳೆಕಾಲು ಜಾರಿ ಅಗಲವಾಗುತ್ತದೆ. ಆಹಾರವನ್ನು ಮೊದಮೊದಲು ಅಡಿಕೆ ಹಾಳೆಯ ಮೇಲೆ ಹರಡಬಹುದು. ನೀರಿನ ಪಾತ್ರೆ ಆಳವಿಲ್ಲದ್ದಾಗಿರಲಿ, ನಾಲ್ಕು ಶುದ್ಧ ಕಲ್ಲು ಹಾಕಿಡಿ. ಒಂದು ದಿನದ ಮರಿ ಅರ್ಧ ಇಂಚು ನೀರಿನಲ್ಲೂ ಒದ್ದೆಯಾಗಿ ಸಾಯಬಲ್ಲದು. ಎರಡೂ ಕೋಣೆಗೆ ಮರಿಗಳ ಸ್ಟಾರ್ಟರ್ ಆಹಾರವನ್ನೇ ಕೊಡಿ. ಮೊಟ್ಟೆಕೋಳಿಯ ಆಹಾರದಲ್ಲಿ ಸುಣ್ಣದಂಶ ಹೆಚ್ಚು, ಎಳೆಮರಿಯ ಮೂತ್ರಪಿಂಡಕ್ಕೆ ಅದು ಕೆಡುಕು.

ಇನ್ನೊಂದು ನಿಯಮ. ಪ್ರತಿದಿನ ಮೊದಲು ಚಿಕ್ಕವುಗಳ ಕೆಲಸ ಮುಗಿಸಿ, ಆಮೇಲೆ ದೊಡ್ಡವುಗಳದ್ದು. ದೊಡ್ಡವುಗಳನ್ನು ಮುಟ್ಟಿದ ಕೈಯಲ್ಲಿ ಸೋಪು ಹಾಕಿ ತೊಳೆಯದೆ ಚಿಕ್ಕವನ್ನು ಮುಟ್ಟಬಾರದು. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿಕೊಟ್ಟರೆ ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಒಂದುಗೂಡಿಸುವ ದಿನ

ಚಿಕ್ಕವುಗಳಿಗೆ ಮೈತುಂಬಾ ಪುಕ್ಕ ಬಂದು ಆರು ವಾರ ದಾಟಲಿ. ಅಷ್ಟರಲ್ಲಿ ಗಾತ್ರದ ಅಂತರ ಕಡಿಮೆಯಾಗಿರುತ್ತದೆ. ಬಲೆಯ ಆಚೀಚೆ ಇದ್ದು ಒಂದರ ಮುಖ ಇನ್ನೊಂದಕ್ಕೆ ಪರಿಚಯವೂ ಆಗಿರುತ್ತದೆ. ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಎರಡೂ ಗುಂಪನ್ನು ಒಟ್ಟಿಗೆ ಹೊಸ ಗೂಡಿಗೆ ಬಿಡಿ. ಹಳೆಯ ಜಾಗಕ್ಕೆ ಬಿಟ್ಟರೆ ದೊಡ್ಡವು ಅದು ತಮ್ಮದೆಂದು ಜಗಳ ತೆಗೆಯುತ್ತವೆ. ಹೊಸ ಜಾಗದಲ್ಲಿ ಎಲ್ಲವೂ ಹೊಸಬರೇ. ಬೆಳಿಗ್ಗೆ ಬೇಗ ಎದ್ದು ನೋಡಿ. ಎರಡು ಕಡೆ ಆಹಾರ, ಎರಡು ಕಡೆ ನೀರು ಇಡಿ. ಚಿಕ್ಕವು ನುಗ್ಗಿ ಅಡಗಲು ಒಂದೆರಡು ಮಡಲು ಅಥವಾ ಓರೆಯಾಗಿಟ್ಟ ಹಲಗೆ ಇರಲಿ. ಸ್ವಲ್ಪ ಕುಕ್ಕಾಟ ನಡೆದೇ ನಡೆಯುತ್ತದೆ. ರಕ್ತ ಬಂದದ್ದನ್ನು ಮಾತ್ರ ಕೂಡಲೇ ಬೇರೆ ಮಾಡಿ.

ಹೇಂಟೆಯಿಂದ ಕಲಿಯಬೇಕಾದದ್ದು

ಇಷ್ಟೆಲ್ಲ ಓದಿದ ಮೇಲೆ ನಮಗೆ ಹೊಳೆದ ಒಂದು ಮಾತು ಹೇಳುತ್ತೇವೆ. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡಲು ಎರಡು ವಾರ ತೆಗೆದುಕೊಳ್ಳುತ್ತದೆ. ಆದರೆ ಮೊದಲ ಮೊಟ್ಟೆ ಇಟ್ಟ ದಿನವೇ ಕಾವು ಕೂರುವುದಿಲ್ಲ. ಎಲ್ಲವನ್ನೂ ಇಟ್ಟು ಮುಗಿಸಿ ಆಮೇಲೆ ಕೂರುತ್ತದೆ. ಹಾಗಾಗಿ ಇಪ್ಪತ್ತೊಂದನೇ ದಿನಕ್ಕೆ ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಟ್ಟಿಗೆ ಹೊರಬರುತ್ತವೆ. ಒಂದೇ ಪ್ರಾಯದ ಮರಿಗಳನ್ನು ಒಟ್ಟಿಗೆ ಬೆಳೆಸಬೇಕೆಂಬುದನ್ನು ದೇವರು ಹೇಂಟೆಗೆ ಯಾವ ಪುಸ್ತಕವೂ ಇಲ್ಲದೆ ಕಲಿಸಿದ್ದಾರೆ.

ಇದರಿಂದ ನಮ್ಮ ವಾರ್ಡಿನವರು ಒಂದು ಕ್ರಮ ಮಾಡಿಕೊಳ್ಳಬಹುದು. ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಮಾತಾಡಿಕೊಂಡು, ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ಕಾವಿಗೆ ಇಡಬಹುದು ಅಥವಾ ಒಂದೇ ದಿನ ಮರಿ ತರಬಹುದು. ಆಗ ಎಲ್ಲರ ಮರಿಗಳೂ ಒಂದೇ ಪ್ರಾಯದವು. ರಾಣಿಖೇತ್ ಲಸಿಕೆಯ ಸೀಸೆಯಲ್ಲಿ ನೂರು ಇನ್ನೂರು ಮರಿಗಳಿಗೆ ಆಗುವಷ್ಟು ಮದ್ದು ಇರುತ್ತದೆ. ಒಮ್ಮೆ ಕಲಸಿದರೆ ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಮರಿಗೆಂದು ಸೀಸೆ ಒಡೆಯಲು ಮನಸ್ಸು ಬಾರದೆ ಎಷ್ಟೋ ಮನೆಗಳಲ್ಲಿ ಲಸಿಕೆಯನ್ನೇ ಬಿಟ್ಟುಬಿಡುತ್ತಾರೆ. ನಾಲ್ಕು ಮನೆ ಸೇರಿದರೆ ಒಂದೇ ಸೀಸೆಯಲ್ಲಿ ಎಲ್ಲರ ಕೆಲಸವೂ ಆಗುತ್ತದೆ. ಹೆಚ್ಚಿನ ಮಾಹಿತಿಗೆ ಪಶು ಆಸ್ಪತ್ರೆಯಲ್ಲಿ ಅಥವಾ ಕಾಸರಗೋಡಿನ ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಆ ಆರು ಮರಿಗಳು

ಈಗ ಆ ತಾಯಿಯ ಆರು ಮರಿಗಳ ಕಥೆಗೆ ಬರೋಣ. ಪೆಟ್ಟಿಗೆಗೆ ಬಿಡಬೇಡಿ ಎಂದ ಮೇಲೆ ಬೇರೆ ದಾರಿಯನ್ನೂ ಹೇಳಬೇಕಲ್ಲ. "ನಿಮ್ಮ ನೆರೆಕರೆಯಲ್ಲಿ ಯಾರ ಹೇಂಟೆಯಾದರೂ ಈ ವಾರ ಮರಿ ಮಾಡಿದೆಯಾ ವಿಚಾರಿಸಿ" ಎಂದೆವು. ಅವರ ಬೇಲಿಯಾಚೆಯ ಬ್ಯಾರಿ ಕುಟುಂಬದ ಹೇಂಟೆ ಎರಡು ದಿನದ ಹಿಂದೆ ಐದೇ ಮರಿ ಮಾಡಿತ್ತು. ಉಳಿದ ಮೊಟ್ಟೆ ಕೆಟ್ಟಿದ್ದವು. ಅಂದು ರಾತ್ರಿ ಎಂಟು ಗಂಟೆಗೆ ಎರಡೂ ಮನೆಯವರು ಬೆಳಕು ಆರಿಸಿ, ಆರು ಮರಿಗಳನ್ನು ಒಂದೊಂದಾಗಿ ಆ ಹೇಂಟೆಯ ರೆಕ್ಕೆಯಡಿಗೆ ಮೆಲ್ಲನೆ ಸರಿಸಿದರು. ಕತ್ತಲಲ್ಲಿ ಹೇಂಟೆ ಎಣಿಸುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ನೋಡಬೇಕು, ಹೊಸ ಮರಿಗಳನ್ನು ಅದು ಕುಕ್ಕಿದರೆ ಕೂಡಲೇ ತೆಗೆಯಬೇಕು ಎಂದು ಹೇಳಿದ್ದೆವು. ಅದು ಕುಕ್ಕಲಿಲ್ಲ. ಹನ್ನೊಂದನ್ನೂ ಹಿಂದಿಟ್ಟುಕೊಂಡು ಅಂಗಳಕ್ಕೆ ಇಳಿಯಿತು.

ಮರಿಗಳನ್ನು ಪಾಲಿಗೆ ಸಾಕುವುದೆಂದು ಮಾತಾಗಿದೆ. ಆರರಲ್ಲಿ ಮೂರು ಅವರಿಗೆ, ಮೂರು ಇವರಿಗೆ. ಇದನ್ನು ಬರೆಯುವ ಹೊತ್ತಿಗೆ ಹತ್ತು ಉಳಿದಿವೆ. ಒಂದನ್ನು ಗಿಡುಗ ಎತ್ತಿಕೊಂಡು ಹೋಯಿತು. ಅದು ಯಾರ ಪಾಲಿನದು ಎಂದು ಎರಡೂ ಮನೆಯವರು ಕೇಳಿಲ್ಲ.

ಯೇಸುಸ್ವಾಮಿ ಜೆರುಸಲೇಮಿಗಾಗಿ ಮರುಗಿದಾಗ ತಮ್ಮನ್ನು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹೇಂಟೆಗೆ ಹೋಲಿಸಿಕೊಂಡದ್ದನ್ನು ಮತ್ತಾಯ ಮತ್ತು ಲೂಕ ಇಬ್ಬರೂ ಬರೆದಿದ್ದಾರೆ. ಆ ಭಾಗವನ್ನು ಪೂಜೆಯಲ್ಲಿ ಓದಿದಾಗಲೆಲ್ಲ ನಮಗೆ ನಮ್ಮ ರಟ್ಟಿನ ಪೆಟ್ಟಿಗೆ ನೆನಪಾಗುತ್ತದೆ. ಒಟ್ಟಿಗೆ ಇಟ್ಟ ಮಾತ್ರಕ್ಕೆ ಒಟ್ಟಿಗೆ ಬೆಳೆಯುವುದಿಲ್ಲ. ಹೇಂಟೆ ತನ್ನ ನಡಿಗೆಯನ್ನು ಹಿಂದೆ ಉಳಿದ ಮರಿಯ ಕಾಲಿಗೆ ಸರಿಯಾಗಿ ಇಳಿಸಿಕೊಳ್ಳುತ್ತದೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲ ಪ್ರಾಯದವರೂ ಒಂದೇ ಮಾಡಿನ ಕೆಳಗೆ ಇರುವ ನಮ್ಮ ಮನೆಗಳಲ್ಲೂ ಜಪಸರದ ಹೊತ್ತು, ಊಟದ ಹೊತ್ತು, ಮಾತಿನ ಗಟ್ಟಿ ಇವುಗಳ ಅಳತೆ ಅತಿ ಚಿಕ್ಕವರಿಗೂ ಅತಿ ಸೋತವರಿಗೂ ಹೊಂದುವಂತಿದ್ದರೆ ಯಾರೂ ಮೂಲೆಗೆ ಬೀಳುವುದಿಲ್ಲ.

ಕೊನೆಗೆ ನಮ್ಮ ಮಗಳ ಹರಕೆಯ ವಿಷಯ. ಹಬ್ಬ ಹತ್ತಿರ ಬಂದಾಗ ಉಳಿದಿದ್ದ ಆ ಒಂದು ಮರಿ ಚೆಂದದ ಹೇಂಟೆಯಾಗಿತ್ತು. ಅದನ್ನು ಏಲಂಗೆ ಕೊಡುವೆಯಾ ಎಂದು ಕೇಳಿದೆವು. "ಅದು ಅಷ್ಟು ಕಷ್ಟಪಟ್ಟು ಬದುಕಿದೆ, ಅದು ಇಲ್ಲೇ ಇರಲಿ. ಅದನ್ನು ತುಳಿದ ದೊಡ್ಡವುಗಳಲ್ಲಿ ಒಂದನ್ನು ಕೊಡುವ" ಎಂದಳು. ಒಂದು ಹುಂಜವನ್ನು ಕೊಟ್ಟೆವು, ಒಳ್ಳೆಯ ಬೆಲೆಗೆ ಹೋಯಿತು. ಆ ಹೇಂಟೆ ನಮ್ಮ ಹಿತ್ತಲಲ್ಲಿ ನಾಲ್ಕು ವರ್ಷ ಇತ್ತು. ಕಾವು ಕೂತು ಒಳ್ಳೆಯ ತಾಯಿಯೂ ಆಯಿತು.

ಮುಂದಿನ ತಿಂಗಳು ಮಳೆಗಾಲಕ್ಕೆ ಮೊದಲು ಗೂಡಿನ ಮಾಡು ಸರಿಪಡಿಸುವ ಬಗ್ಗೆ ಬರೆಯುತ್ತೇವೆ. ನಿಮ್ಮ ಪ್ರಶ್ನೆಗಳನ್ನು ಪೂಜೆಯ ನಂತರ ಮೆಟ್ಟಲಲ್ಲೇ ಕೇಳಬಹುದು. ದೇವರು ನಿಮ್ಮ ಮನೆಯನ್ನೂ ಹಿತ್ತಲನ್ನೂ ಹರಸಲಿ.